ಎಲೆ ಮ್ಯಾಲಿನ ಚುಕ್ಕಿ ಎಣಿಸೋದು: ಬ್ಯಾರೆದವ್ರು ಮಾಡಿದ್ರೂ ಅದೇ ನಂಬರ್ ಬರಂಗ ಇಮೇಜ್ ಅನಾಲಿಸಿಸ್ ಮಾಡೋದು ಹೆಂಗ

ಪಿಜಿ ಥೀಸಿಸ್ ಯಾವ್ದಾದ್ರೂ ತಗದು ಮೆಥಡ್ಸ್ ಚಾಪ್ಟರ್ ನೋಡ್ರಿ, ಇಮೇಜ್ ಅನಾಲಿಸಿಸ್ (ಅಂದ್ರ ಫೋಟೋದಿಂದ ಕಂಪ್ಯೂಟರ್ ಮ್ಯಾಲ ಅಳತಿ ತೆಗಿಯೋದು) ಮಾಡಿದ ಕಡೆ ಒಂದ ಸಾಲು ಇರ್ತೈತಿ, "ಚಿತ್ರಗಳನ್ನು ಇಮೇಜ್‌ಜೆ ತಂತ್ರಾಂಶದಿಂದ ವಿಶ್ಲೇಷಿಸಲಾಯಿತು" ಅಂತ. ಮುಗೀತು. ರಾಯಚೂರಿಗೆ ಹೆಂಗ ಬಂದ್ರಿ ಅಂತ ಕೇಳಿದ್ರ ಬಸ್ಸಿನ್ಯಾಗ ಬಂದೆ ಅಂದಂಗಾತು ಇದು, ಲಿಂಗಸುಗೂರು ಮ್ಯಾಲ ಬಂದ್ರೋ ಮಾನ್ವಿ ಮ್ಯಾಲ ಬಂದ್ರೋ ಯಾರಿಗ್ ಗೊತ್ತು. ಅದ ಫೋಟೋ, ಅದ ಸಾಫ್ಟ್‌ವೇರ್ ಕೊಟ್ಟು ಮುಂದಿನ ವರ್ಷದ ಹುಡುಗನ್ನ ಕುಂದ್ರಿಸಿದ್ರ ಅವನಿಗೆ ಬ್ಯಾರೆನ ನಂಬರ್ ಬರ್ತೈತಿ, ಆಗ ಅವ ತನಗ ಸಾಫ್ಟ್‌ವೇರ್ ಬರಂಗಿಲ್ಲ ಅನ್ಕೊಂತಾನ. ಖರೇ ಹೇಳ್ಬೇಕಂದ್ರ ತಪ್ಪು ಅವಂದಲ್ಲ, ಆ ಒಂದ ಸಾಲಿಂದು.

ನಮ್ಮ ಕಡೆ ಇದು ಭಾಳ ಮಂದಿಗೆ ಬೇಕಾಗೋ ವಿಷಯ ಐತಿ. ಗಂಗಾವತಿ, ಕಾರಟಗಿ, ಸಿಂಧನೂರು ಅಂದ್ರ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗ ಪೂರ್ತಿ ಭತ್ತ, ಬೆಂಕಿ ರೋಗ, ದುಂಡಾಣು ಅಂಗಮಾರಿ ಇದ್ದಿದ್ದ, ಕೃಷಿ ವಿವಿ ಹುಡುಗ್ರು ಪ್ರತಿ ಸೀಸನ್ ಎಲೆ ಕಿತ್ತು ತಂದು ರೋಗ ಎಷ್ಟು ಪರ್ಸೆಂಟ್ ಐತಿ ಅಂತ ಅಳೀತಾರ. ಬಳ್ಳಾರಿ, ರಾಯಚೂರಿನ ಮೆಡಿಕಲ್ ಹುಡುಗ್ರು ಸ್ಲೈಡ್ ಮ್ಯಾಲಿನ ಸೆಲ್ ಎಣಿಸ್ತಾರ. ಕೆಲಸ ಬ್ಯಾರೆ, ಆದ್ರ ಎಡವಟ್ಟು ಆಗೋ ಜಾಗ ಮಾತ್ರ ಒಂದ. ನಾನಿಲ್ಲಿ ಭತ್ತದ ಬೆಂಕಿ ರೋಗದ ಎಲೆ ಇಟ್ಕೊಂಡು ಹೇಳ್ತೀನಿ, ನಿಮ್ಮ ಮಾಲು ಹತ್ತಿಬೀಜ ಇರ್ಲಿ, ರಕ್ತದ ಸ್ಮಿಯರ್ ಇರ್ಲಿ, ಅದಕ್ಕ ಹೊಂದಿಸ್ಕೊಳ್ರಿ.

ನನ್ನ ಲೆಕ್ಕ ಒಂದ ಐತ್ರಿ. ನಿಮ್ಮ ಒರಿಜಿನಲ್ ಫೋಟೋ ಮತ್ತ ನೀವು ಬರದಿಟ್ಟಿದ್ದು, ಇವೆರಡ ಕೊಟ್ಟು ಜೂನಿಯರ್‌ನ ಬ್ಯಾರೆ ಕಂಪ್ಯೂಟರ್ ಮುಂದ ಕುಂದ್ರಸ್ರಿ, ಅವ ನಿಮಗ ಒಂದ್ಸಲನೂ ಫೋನ್ ಮಾಡದ ನಿಮ್ಮ ಟೇಬಲ್‌ನ್ಯಾಗಿನ ನಂಬರ್ ತೆಗೀಬೇಕು. ಫೋನ್ ಬಂತಂದ್ರ ಅವ ಕೇಳಿದ್ದು ಏನೈತಿ, ಅದು ನೀವು ಬರಿಯೋದು ಬಿಟ್ಟಿದ್ದು ಅಂತ ತಿಳ್ಕೊಳ್ರಿ. ಕೆಳಗ ಇರೋದೆಲ್ಲಾ ಆ ಫೋನ್ ಬರದಂಗ ಮಾಡೋ ದಾರಿ.

ಫೋಟೋ ತೆಗಿಯೋದ್ರಾಗ ಅರ್ಧ ಕೆಲಸ

ಮೊಬೈಲ್‌ನ್ಯಾಗ ತೆಗೀಬ್ಯಾಡ್ರಿ ಅಂತ ಹೇಳಂಗಿಲ್ಲ, ಎಲ್ರ ಹತ್ರನೂ ಸ್ಕ್ಯಾನರ್ ಇರಂಗಿಲ್ಲ. ಆದ್ರ ಇವತ್ತಿನ ಮೊಬೈಲ್ ಕ್ಯಾಮೆರಾ ಕಂಡಿದ್ದನ್ನ ಕಂಡಂಗ ಇಡಂಗಿಲ್ಲ, ತಾನಾ ಎಚ್‌ಡಿಆರ್ (ಬೆಳಕು ನೆರಳು ಸಮ ಮಾಡೋದು) ಹಾಕ್ತೈತಿ, ಶಾರ್ಪ್ ಮಾಡ್ತೈತಿ, ಬಣ್ಣ ಚಂದ ಮಾಡ್ತೈತಿ, ಬಿಳಿ ಯಾವ್ದು ಅಂತ ಪ್ರತಿ ಫೋಟೋಕ್ಕೂ ಹೊಸದಾಗಿ ತೀರ್ಮಾನ ಮಾಡ್ತೈತಿ. ಬೆಳಿಗ್ಗೆ ಮೋಡ ಇದ್ದಾಗ ತೆಗದ ಎಲೆ, ಮಧ್ಯಾಹ್ನ ನಮ್ಮ ರಾಯಚೂರು ಬಿಸಿಲಿನ್ಯಾಗ ತೆಗದ ಎಲೆ, ಎರಡೂ ಒಂದ ಗಿಡದವು ಇದ್ರೂ ಪಿಕ್ಸೆಲ್ ನಂಬರ್ ಬ್ಯಾರೆ ಬ್ಯಾರೆ. ಹಂಗಾಗಿ ಪ್ರೊ ಮೋಡ್‌ಗೆ ಹೋಗಿ ಐಎಸ್‌ಒ, ಶಟರ್, ವೈಟ್ ಬ್ಯಾಲೆನ್ಸ್ ಮೂರೂ ಫಿಕ್ಸ್ ಮಾಡಿ, ಎಚ್‌ಡಿಆರ್ ಬಂದ್ ಮಾಡಿ, ಬಿಸಿಲು ಬೀಳದ ರೂಮಿನ್ಯಾಗ ಎರಡೂ ಕಡೆ ಎಲ್‌ಇಡಿ ಇಟ್ಟು, ಸ್ಟ್ಯಾಂಡಿಗೆ ಮೊಬೈಲ್ ಕಟ್ಟಿ ತೆಗೀರಿ, ಪ್ರತಿ ಫೋಟೋದಾಗೂ ಒಂದು ಸ್ಟೀಲ್ ಸ್ಕೇಲ್ ಮತ್ತ ಒಂದು ಬೂದು ಬಣ್ಣದ ಕಾರ್ಡ್ ಇರ್ಲಿ. ಸ್ಕೇಲ್ ಎಲೆ ಇರೋ ಮಟ್ಟದಾಗ ಇರ್ಬೇಕು, ಎತ್ತರಕ್ಕ ಇಟ್ರ ಅಳತಿ ತಪ್ತೈತಿ.

ಸ್ಕ್ಯಾನರ್ ಸಿಕ್ರ ಎಲೆಗೆ ಅದ ಚಲೋ. ಸ್ಕ್ಯಾನರ್ ಸಾಫ್ಟ್‌ವೇರ್‌ನ್ಯಾಗ ಆಟೋ ಎಕ್ಸ್‌ಪೋಶರ್, ಶಾರ್ಪನಿಂಗ್, ಧೂಳು ತೆಗಿಯೋದು, ಬಣ್ಣ ಸರಿ ಮಾಡೋದು, ಇವೆಲ್ಲಾ ಟಿಕ್ ತೆಗೀರಿ, ಡಿಪಿಐ (ಒಂದು ಇಂಚಿಗೆ ಎಷ್ಟು ಪಿಕ್ಸೆಲ್) ಒಂದ ಇಟ್ಕೊಳ್ರಿ, ಟಿಫ್ ಫಾರ್ಮ್ಯಾಟ್‌ನ್ಯಾಗ ಸೇವ್ ಮಾಡ್ರಿ. ಏಪ್ರಿಲ್ ಮೇದಾಗ ಕಿತ್ತ ಎಲೆ ಸ್ವಲ್ಪ ಹೊತ್ತಿಗೆಲ್ಲಾ ಸುರುಳಿ ಸುತ್ಕೊಂತೈತಿ, ಹೊಲದಿಂದ ಬರೋವಾಗ ಒದ್ದಿ ಬಟ್ಟಿಯೊಳಗ ಸುತ್ತಿ ತಂದು ಅವತ್ತಿಂದವತ್ತ ಸ್ಕ್ಯಾನ್ ಮಾಡ್ರಿ, ಸುರುಳಿ ಸುತ್ತಿದ ಎಲೆ ಏರಿಯಾ ಕಡಿಮಿ ತೋರಿಸ್ತೈತಿ, ಅಲ್ಲಿಗೆ ರೋಗದ ಪರ್ಸೆಂಟೂ ಕೆಡ್ತೈತಿ.

ಇನ್ನ ವಾಟ್ಸಾಪ್. ಹೊಲದಾಗ ತೆಗದ ಫೋಟೋನ ಗ್ರೂಪಿಗೆ ಹಾಕಿ, ಅಲ್ಲಿಂದ ಲ್ಯಾಪ್‌ಟಾಪಿಗೆ ಇಳಿಸ್ಕೊಳ್ಳೋದು ಎಲ್ರ ಚಾಳಿ. ವಾಟ್ಸಾಪ್ ಫೋಟೋ ಸಣ್ಣದು ಮಾಡಿ, ಮತ್ತೊಮ್ಮೆ ಜೆಪೆಗ್ ಒತ್ತಿ ಕಳಿಸ್ತೈತಿ, ಯಾವಾಗ ತೆಗದಿದ್ದು ಯಾವ ಕ್ಯಾಮೆರಾ ಅನ್ನೋ ಮಾಹಿತಿನೂ ಹಾರಿ ಹೋಗ್ತೈತಿ. ಜೆಪೆಗ್ ಅಂದ್ರ ಚಿತ್ರನ 8ಕ್ಕ 8 ಪಿಕ್ಸೆಲ್ ಚೌಕ ಮಾಡಿ ಸಣ್ಣ ಸಣ್ಣ ವಿವರ ಎಸಿಯೋ ಪದ್ಧತಿ, ಕಣ್ಣಿಗೆ ಗೊತ್ತಾಗಂಗಿಲ್ಲ, ಆದ್ರ ಚುಕ್ಕಿ ಅಂಚಿನ್ಯಾಗ ಇಲ್ಲದ ಬಣ್ಣ ಹುಟ್ಕೊಂಡಿರ್ತೈತಿ ಮತ್ತ ನೀವು ಅಳಿಯೋದು ಆ ಅಂಚನ್ನ. ಕೇಬಲ್ ಹಾಕಿ ಕಾಪಿ ಮಾಡ್ರಿ, ಕೇಬಲ್ ಇಲ್ಲಂದ್ರ ಡಾಕ್ಯುಮೆಂಟ್ ಅಂತ ಕಳಿಸ್ರಿ, ಹಂಗ ಕಳಿಸಿದ್ರ ಫೈಲ್ ಇದ್ದಂಗ ಬರ್ತೈತಿ.

ಒರಿಜಿನಲ್‌ಗೆ ಕೈ ಹಚ್ಚಬ್ಯಾಡ್ರಿ

ಫೋಟೋ ಬಂದ ತಕ್ಷಣ ಒಂದು ಫೋಲ್ಡರ್ ಮಾಡಿ ಅದನ್ನ ರೀಡ್ ಓನ್ಲಿ ಮಾಡ್ಬಿಡ್ರಿ. ಅದನ್ನ ತಿರುಗಿಸೋದು, ಕ್ರಾಪ್ ಮಾಡೋದು, ಹೆಸರು ಬದ್ಲಿ ಮಾಡೋದು ಏನೂ ಬ್ಯಾಡ, ಮಾಡೋದೆಲ್ಲಾ ಕಾಪಿ ಮ್ಯಾಲ. ಕಾಪಿಯ ಫೈಲ್ ಹೆಸರಿನ್ಯಾಗ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಅಷ್ಟ ಸಾಕು, ಸ್ಪೇಸ್ ಬ್ಯಾಡ, ಮೊದ್ಲು ವರ್ಷ ತಿಂಗಳು ದಿನ (20240918 ಅನ್ನಂಗ), ಆಮ್ಯಾಲ ಊರು, ಪ್ಲಾಟ್ ನಂಬರ್, ಎಲೆ ನಂಬರ್. "ಫೈನಲ್", "ಫೈನಲ್ ಹೊಸದು", "ಫೈನಲ್ ಸರ್ ಹೇಳಿದ್ದು" ಇಂಥ ಹೆಸರಿದ್ರ ಆರು ತಿಂಗಳಾದ ಮ್ಯಾಲ ದೇವ್ರಿಗೂ ಗೊತ್ತಾಗಂಗಿಲ್ಲ ಟೇಬಲ್ ಯಾವ್ದರಿಂದ ಬಂತು ಅಂತ.

ಪ್ರತಿ ಫೈಲ್‌ಗೆ ಚೆಕ್‌ಸಮ್ (ಫೈಲಿನ ಬೆರಳಚ್ಚು ಇದ್ದಂಗ, ಫೈಲ್ ಸ್ವಲ್ಪ ಬದ್ಲಾದ್ರೂ ಬದ್ಲಾಗೋ ನಂಬರ್) ತೆಗದು ಒಂದು ಟೆಕ್ಸ್ಟ್ ಫೈಲ್‌ನ್ಯಾಗ ಇಡ್ರಿ, ಎಸ್‌ಎಚ್‌ಎ 256 ಅಂತ ಇರ್ತೈತಿ, ವಿಂಡೋಸ್‌ನ್ಯಾಗೂ ಲಿನಕ್ಸ್‌ನ್ಯಾಗೂ ಒಂದು ಕಮಾಂಡ್ ಸಾಕು, ಬ್ಯಾರೆ ಏನೂ ಇನ್‌ಸ್ಟಾಲ್ ಮಾಡೋದು ಬ್ಯಾಡ. ಮುಂದ ಜಗಳ ಬಂದ್ರ, ನೀ ತಗೊಂಡಿದ್ದು ನನ್ನ ಫೈಲ್ ಹೌದೋ ಅಲ್ಲೋ ಅಂತ ಒಂದ ನಿಮಿಷದಾಗ ತೀರ್ಮಾನ ಆಗ್ತೈತಿ. ಕಾಪಿ ಒಂದ ಕಂಪ್ಯೂಟರ್‌ನ್ಯಾಗ ಇಡಬ್ಯಾಡ್ರಿ, ಲ್ಯಾಬ್ ಕಂಪ್ಯೂಟರ್ ಅಂದ್ರ ಯಾರಿಗೂ ಹೇಳದ ಫಾರ್ಮ್ಯಾಟ್ ಮಾಡೋ ಪುಣ್ಯಾತ್ಮರು ಎಲ್ಲಾ ಕಡೆ ಇರ್ತಾರ.

ಮೌಸ್ ಕ್ಲಿಕ್ ಬಿಟ್ಟು ಮ್ಯಾಕ್ರೋ ಹಿಡೀರಿ

ಇಮೇಜ್‌ಜೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನ್ಯಾಗ ವೇಯ್ನ್ ರಾಸ್‌ಬ್ಯಾಂಡ್ ಅನ್ನೋರು 1997ರಾಗ ಶುರು ಮಾಡಿದ್ದು, ಪುಕ್ಕಟೆ. ಅದ ಇಮೇಜ್‌ಜೆಗೆ ಬಯಾಲಜಿಯವ್ರಿಗೆ ಬೇಕಾದ ಪ್ಲಗಿನ್ ಎಲ್ಲಾ ಸೇರಿಸಿ ಕೊಟ್ಟಿದ್ದು ಫಿಜಿ, ನೀವು ಅದನ್ನ ಇಳಿಸ್ಕೊಳ್ರಿ. ಮೆನುದಾಗ ಪ್ಲಗಿನ್ಸ್, ಅದ್ರೊಳಗ ಮ್ಯಾಕ್ರೋಸ್, ಅದ್ರೊಳಗ ರೆಕಾರ್ಡ್ ಅಂತ ಐತಿ, ಅದನ್ನ ಒತ್ತಿದ್ರ ಒಂದು ಸಣ್ಣ ಕಿಡಕಿ ತೆರೀತೈತಿ, ಆಮ್ಯಾಲ ನೀವು ಮೆನುದಿಂದ ಕೊಟ್ಟ ಕಮಾಂಡ್ ಅದ್ರಾಗ ಒಂದೊಂದು ಸಾಲಾಗಿ ಬರ್ಕೊಂತ ಹೋಗ್ತೈತಿ. ಒಂದು ಎಲೆ ಮ್ಯಾಲ ಶುರುವಿಂದ ಕೊನಿತನಕ ಎಲ್ಲಾ ಮಾಡಿ, ಬ್ಯಾಡಾಗಿದ್ದ ಸಾಲು ಅಳಿಸಿ, ಸೇವ್ ಮಾಡ್ರಿ, ಈ ಸಾಲುಗಳ ಫೈಲಿಗೆ ಮ್ಯಾಕ್ರೋ ಅಂತಾರ. ಅದ ನಿಮ್ಮ ಮೆಥಡ್. ಪ್ರಾಸೆಸ್ ಮೆನುದಾಗ ಬ್ಯಾಚ್ ಅಂತ ಐತಿ, ಅಲ್ಲಿ ಅದ ಮ್ಯಾಕ್ರೋ ಕೊಟ್ರ ಫೋಲ್ಡರ್‌ನ್ಯಾಗಿನ ಎಲೆ ಪೂರ್ತಿ ಒಂದ ರೀತಿ ಓಡ್ತೈತಿ, ನೀವು ಚಾ ಕುಡದು ಬರಬಹುದು. ಪ್ರೋಗ್ರಾಮಿಂಗ್ ಬರಂಗಿಲ್ಲ ಅನ್ನೋ ನೆಪ ಇಲ್ಲಿ ನಡಿಯಂಗಿಲ್ಲ, ಬರಿಯೋದನ್ನ ಅದ ಬರೀತೈತಿ, ನೀವು ಓದಬೇಕಷ್ಟ.

ಯಾಕ ಇಷ್ಟು ಒತ್ತಿ ಹೇಳ್ತೀನಂದ್ರ, ಇಮೇಜ್‌ಜೆದಾಗ ಕಣ್ಣಿಗೆ ಕಾಣದ ಸೆಟ್ಟಿಂಗ್ ಭಾಳ ಅದಾವ, ಮತ್ತ ಕೆಲವೊಂದು ಆ ಕಂಪ್ಯೂಟರ್‌ನ್ಯಾಗ ಹಿಂದಿನವ್ರು ಬಿಟ್ಟು ಹೋದಂಗ ಉಳಕೊಂಡಿರ್ತಾವ. ಒಂದು ಹತ್ರಕ್ಕ ಹಿಡದು ತೋರಿಸ್ತೀನಿ ನೋಡ್ರಿ.

ಕಲರ್ ಸ್ಕ್ಯಾನ್ ಐತಿ, ಅದನ್ನ 8 ಬಿಟ್ ಗ್ರೇ (ಕಪ್ಪಿಗೆ 0, ಬಿಳಿಗೆ 255) ಮಾಡ್ತೀರಿ. ಮಾಡೋಕ ಎರಡು ದಾರಿ, ಕೆಂಪು ಹಸಿರು ನೀಲಿ ಮೂರನ್ನ ಕೂಡಿಸಿ ಮೂರರಿಂದ ಭಾಗಿಸೋದು ಒಂದು, ಕಣ್ಣು ನೋಡೋ ರೀತಿಗೆ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ ಹಾಕಿ ಕೂಡಿಸೋದು ಇನ್ನೊಂದು. ಎಡಿಟ್, ಆಪ್ಶನ್ಸ್, ಕನ್ವರ್ಶನ್ಸ್ ಒಳಗ ಒಂದು ಟಿಕ್ ಮ್ಯಾಲ ಇದು ನಿಂತೈತಿ. ಈಗ ಎಲೆಯ ಹಸಿರು ಭಾಗದ ಒಂದು ಪಿಕ್ಸೆಲ್ 80, 140, 50 ಐತಿ ಅನ್ಕೊಳ್ರಿ, ರೋಗದ ಕಂದು ಚುಕ್ಕಿದು 150, 100, 50. ಮೊದಲ್ನೇ ದಾರಿಯೊಳಗ ಹಸಿರು 90, ಚುಕ್ಕಿ 100, ಅಂದ್ರ ಚುಕ್ಕಿ ಎಲೆಗಿಂತ ಬೆಳ್ಳಗ. ಎರಡ್ನೇ ದಾರಿಯೊಳಗ ಹಸಿರು 112, ಚುಕ್ಕಿ 109, ಅಂದ್ರ ಚುಕ್ಕಿ ಎಲೆಗಿಂತ ಕಪ್ಪಗ. ಲೆಕ್ಕ ಉಲ್ಟಾ ಆತು! ನೀವು ಕಪ್ಪಗಿದ್ದಿದ್ದು ರೋಗ ಅಂತ ಥ್ರೆಶೋಲ್ಡ್ (ಚುಕ್ಕಿ ಯಾವ್ದು ಎಲೆ ಯಾವ್ದು ಅಂತ ಬ್ಯಾರೆ ಮಾಡೋ ಗಡಿ ನಂಬರ್) ಹಾಕಿದ್ರ ಒಂದು ಕಂಪ್ಯೂಟರ್‌ನ್ಯಾಗ ಚುಕ್ಕಿ ಸಿಗ್ತೈತಿ, ಇನ್ನೊಂದ್ರಾಗ ಆರೋಗ್ಯವಾಗಿರೋ ಎಲೆನ ರೋಗ ಅಂತ ಬರ್ತೈತಿ. ಟಿಕ್ ಒಂದ. ಹಂಗ ನೋಡಿದ್ರ ಕಂದು ಮತ್ತ ಹಸಿರು ಬ್ಯಾರೆ ಮಾಡೋಕ ಗ್ರೇ ಮಾಡೋದ ಸರಿಯಲ್ಲ, ಇಮೇಜ್, ಅಡ್ಜಸ್ಟ್, ಕಲರ್ ಥ್ರೆಶೋಲ್ಡ್ ಒಳಗ ಲ್ಯಾಬ್ ಅಥವಾ ಎಚ್‌ಎಸ್‌ಬಿ (ಬಣ್ಣನ ಬೆಳಕಿನಿಂದ ಬ್ಯಾರೆ ಮಾಡಿ ನಂಬರ್ ಕೊಡೋ ಪದ್ಧತಿಗಳು, ಈ ಲ್ಯಾಬ್ ಅಂದ್ರ ಪ್ರಯೋಗಾಲಯ ಅಲ್ಲ) ಆರಿಸ್ಕೊಂಡು ಮೂರೂ ಚಾನೆಲ್ಲಿನ ಕೆಳಗಿನ ಮ್ಯಾಲಿನ ಮಿತಿ ಬರ್ಕೊಳ್ರಿ.

ಬೆಂಕಿ ರೋಗದ ಚುಕ್ಕಿದು ಇನ್ನೊಂದು ತಕರಾರು. ಅದು ಕದರಿನ ಆಕಾರದ್ದು, ಅಂಚು ಕಂದು, ನಡುವ ಬೂದಿ ಬಣ್ಣ. ಥ್ರೆಶೋಲ್ಡ್ ಹಾಕಿದ್ರ ಕಂದು ಉಂಗುರ ಅಷ್ಟ ಸಿಗ್ತೈತಿ, ನಡುವಿನ ಬೂದಿ ತಪ್ಪಿಸ್ಕೊಂತೈತಿ. ಫಿಲ್ ಹೋಲ್ಸ್ ಮಾಡಿದ್ರ ನಡುವ ತುಂಬ್ತೈತಿ, ಆದ್ರ ಉಂಗುರ ಪೂರ್ತಿ ಮುಚ್ಚಿದ್ರ ಮಾತ್ರ, ಎಲ್ಲಾದ್ರೂ ಒಂದು ಪಿಕ್ಸೆಲ್ ಬಿರುಕು ಇದ್ರ ತುಂಬಂಗಿಲ್ಲ. ಅದಕ್ಕಂತ ಕೆಲವ್ರು ಮೊದ್ಲು ಬ್ಲರ್ ಮಾಡ್ತಾರ, ಕೆಲವ್ರು ಸಣ್ಣ ಬಿರುಕು ಮುಚ್ಚೋ ಕ್ಲೋಸ್ ಅನ್ನೋದು ಓಡಿಸ್ತಾರ, ಕೆಲವ್ರು ಕೈಲೆ ಗೆರಿ ಎಳೀತಾರ. ಮೂರೂ ನಡೀತಾವ, ಆದ್ರ ಯಾವ್ದು ಮೊದ್ಲು ಯಾವ್ದು ಆಮ್ಯಾಲ, ಬ್ಲರ್ ಸಿಗ್ಮಾ (ಎಷ್ಟು ಮಸುಕು ಮಾಡೋದು ಅನ್ನೋ ನಂಬರ್) ಎಷ್ಟು, ಇದು ಬರೀಲಿಲ್ಲಂದ್ರ ರೋಗದ ಪರ್ಸೆಂಟ್ ಯಾರಿಗೂ ಅದ ಬರಂಗಿಲ್ಲ. ಕೈಲೆ ಗೆರಿ ಎಳದಿದ್ರ ಎಳದ ಗೆರಿ ಇಟ್ಕೊಳ್ಳೋ ಆರ್‌ಒಐ ಮ್ಯಾನೇಜರ್‌ನಿಂದ ಆ ಗೆರಿ ಎಲ್ಲಾ ಜಿಪ್ ಫೈಲ್ ಮಾಡಿ ಇಟ್ಕೊಳ್ರಿ, ಕೈಲೆ ಎಳದ ಗೆರಿ ಎರಡ್ನೇ ಸಲ ಎಳದ್ರ ಅದ ಬರಂಗಿಲ್ಲ.

ಈಗ ಸೈಜ್. ಚುಕ್ಕಿ ಎಣಿಸಿ ಅಳಿಯೋ ಕಮಾಂಡ್ ಅನಲೈಜ್ ಪಾರ್ಟಿಕಲ್ಸ್‌ನ್ಯಾಗ ಇಷ್ಟಕ್ಕಿಂತ ಸಣ್ಣದು ಬಿಡು ಅಂತ ಹೇಳೋ ಜಾಗ ಐತಿ, ಅಲ್ಲಿ 50 ಅಂತ ಹಾಕ್ತೀರಿ. ಐವತ್ತು ಏನು? ಚಿತ್ರಕ್ಕ ಸ್ಕೇಲ್ ಸೆಟ್ ಆಗಿದ್ರ ಅದು ಆ ಯೂನಿಟ್‌ನ ಚದರ, ಪಿಕ್ಸೆಲ್ ಯೂನಿಟ್ಸ್ ಟಿಕ್ ಹಾಕಿದ್ರ ಪಿಕ್ಸೆಲ್. ಸ್ಕ್ಯಾನರ್‌ನ ಟಿಫ್ ತೆರದಾಗ ಇಮೇಜ್‌ಜೆ ಡಿಪಿಐ ಓದಿ ತಾನಾ ಇಂಚು ಅಂತ ಹಾಕ್ಕೊಂತೈತಿ, ಕಿಡಕಿ ಮ್ಯಾಲ ಸಣ್ಣಕ್ಷರದಾಗ ಬರದಿರ್ತೈತಿ, ಯಾರೂ ನೋಡಂಗಿಲ್ಲ, ಐವತ್ತು ಚದರ ಇಂಚಿನ ಚುಕ್ಕಿ ಹುಡುಕಿದ್ರ ಭತ್ತದ ಎಲೆಯೊಳಗ ಸೊನ್ನಿ ಬರದ ಏನ್ ಬರ್ತೈತಿ. ಸೊನ್ನಿ ಬಂದ್ರ ಗೊತ್ತಾದ್ರೂ ಆಗ್ತೈತಿ, ಗೊತ್ತಾಗದ ತಪ್ಪು ಬ್ಯಾರೆ ಐತಿ. 300 ಡಿಪಿಐದಾಗ ಒಂದು ಮಿಲಿಮೀಟರಿಗೆ 11.8 ಪಿಕ್ಸೆಲ್, ಹಂಗಾದ್ರ 50 ಪಿಕ್ಸೆಲ್ ಅಂದ್ರ ಸುಮಾರು 0.36 ಚದರ ಮಿಲಿಮೀಟರ್. ಅದ ಎಲೆ 600 ಡಿಪಿಐದಾಗ ಸ್ಕ್ಯಾನ್ ಆಗಿದ್ರ 50 ಪಿಕ್ಸೆಲ್ ಬರೇ 0.09 ಚದರ ಮಿಲಿಮೀಟರ್. ಮೊದಲ್ನೇದ್ರಾಗ ಬಿಟ್ಟು ಹೋದ ಸಣ್ಣ ಚುಕ್ಕಿ ಎರಡ್ನೇದ್ರಾಗ ಲೆಕ್ಕಕ್ಕ ಬರ್ತಾವ, ಜೊತಿಗೆ ಧೂಳೂ. ಅದಕ್ಕ ಸೈಜ್ ಯಾವಾಗ್ಲೂ ಚದರ ಮಿಲಿಮೀಟರ್‌ನ್ಯಾಗ ಹಾಕ್ರಿ, ಸ್ಕೇಲ್ ಸೆಟ್ ಮಾಡೋ ಸಾಲು ಮ್ಯಾಕ್ರೋದೊಳಗ ಇರ್ಲಿ.

ಇನ್ನೆರಡು ಬೇಗ ಹೇಳಿ ಮುಗಸ್ತೀನಿ. ಸೆಟ್ ಮೆಷರ್‌ಮೆಂಟ್ಸ್‌ನ್ಯಾಗ ಲಿಮಿಟ್ ಟು ಥ್ರೆಶೋಲ್ಡ್ ಅನ್ನೋ ಟಿಕ್ ಇದ್ರ ಥ್ರೆಶೋಲ್ಡ್ ಒಳಗಿನ ಪಿಕ್ಸೆಲ್ ಅಷ್ಟ ಅಳೀತೈತಿ, ಇಲ್ಲಂದ್ರ ಪೂರ್ತಿ ಚಿತ್ರ. ಬೈನರಿ ಆಪ್ಶನ್ಸ್‌ನ್ಯಾಗ ಬ್ಲ್ಯಾಕ್ ಬ್ಯಾಕ್‌ಗ್ರೌಂಡ್ ಅನ್ನೋ ಟಿಕ್ ಬದ್ಲಾದ್ರ ಯಾವ್ದು ಚುಕ್ಕಿ ಯಾವ್ದು ಹಿಂಬದಿ ಅನ್ನೋದ ಅದಲು ಬದಲು, ಫಿಲ್ ಹೋಲ್ಸ್, ವಾಟರ್‌ಶೆಡ್ (ಅಂಟ್ಕೊಂಡಿದ್ದನ್ನ ಬಿಡಿಸೋದು) ಎಲ್ಲಾ ಉಲ್ಟಾ ಹೊಡೀತಾವ. ಎರಡನ್ನೂ ಮ್ಯಾಕ್ರೋದ ಮೊದಲ್ನೇ ಸಾಲುಗಳೊಳಗ ಹಾಕಿ ಗಟ್ಟಿ ಮಾಡ್ರಿ, ಆ ಕಂಪ್ಯೂಟರ್‌ನ್ಯಾಗ ಏನಿತ್ತೋ ಅಂತ ನಂಬ್ಕೊಂಡು ಕುಂದ್ರಬ್ಯಾಡ್ರಿ.

ಮೈಕ್ರೋಸ್ಕೋಪ್‌ದವ್ರಿಗೆ

ಮೈಕ್ರೋಸ್ಕೋಪ್ ಕಂಪನಿಯ ಒರಿಜಿನಲ್ ಫೈಲ್ ಬಿಡಬ್ಯಾಡ್ರಿ, ಅದ್ರೊಳಗ ಲೆನ್ಸ್, ಎಕ್ಸ್‌ಪೋಶರ್, ಪಿಕ್ಸೆಲ್ ಅಳತಿ ಎಲ್ಲಾ ಬರದಿರ್ತೈತಿ, ಫಿಜಿಯೊಳಗಿನ ಬಯೋಫಾರ್ಮ್ಯಾಟ್ಸ್ ಅಂಥ ಫೈಲ್ ಭಾಳಷ್ಟು ತೆರೀತೈತಿ. ಲ್ಯಾಬ್‌ನವ್ರು ಪೆನ್‌ಡ್ರೈವಿಗೆ ಜೆಪೆಗ್ ಹಾಕಿ ಕೊಟ್ರ, ಸರ್ ಒರಿಜಿನಲ್ಲೂ ಕೊಡ್ರಿ ಅಂತ ಕೇಳಿ ಇಸ್ಕೊಳ್ರಿ, ನಾಚ್ಕೋಬ್ಯಾಡ್ರಿ.

16 ಬಿಟ್‌ನಿಂದ (65535ರತನಕ ನಂಬರ್) 8 ಬಿಟ್‌ಗೆ (255ರತನಕ) ಇಳಿಸೋವಾಗ ಹುಷಾರು. ಇಮೇಜ್‌ಜೆ ಆ ಹೊತ್ತಿಗೆ ಸ್ಕ್ರೀನ್ ಮ್ಯಾಲ ಕಾಣೋ ಬ್ರೈಟ್‌ನೆಸ್ ರೇಂಜ್ ಏನಿರ್ತೈತಿ ಅದನ್ನ 0ರಿಂದ 255ಕ್ಕ ಹಿಗ್ಗಿಸ್ತೈತಿ. ಒಂದು ಸೆಲ್ ಪಿಕ್ಸೆಲ್ 1000 ಐತಿ. ನೀವು ಚಂದ ಕಾಣ್ಲಿ ಅಂತ ರೇಂಜ್ 200ರಿಂದ 2200 ಇಟ್ಟಿದ್ರ ಅದು 102 ಆಗ್ತೈತಿ, ಜೂನಿಯರ್ 0ರಿಂದ 4095 ಇಟ್ಟಿದ್ರ ಅದ ಪಿಕ್ಸೆಲ್ 62ರ ಆಸುಪಾಸು. ಥ್ರೆಶೋಲ್ಡ್ 80 ಅಂದ್ರ ನಿಮ್ಮ ಕಡೆ ಸೆಲ್ ಇದ್ದಂಗ, ಅವನ ಕಡೆ ಇಲ್ಲದಂಗ. ಅಳಿಯೋದು 16 ಬಿಟ್ ಮ್ಯಾಲನ ಅಳೀರಿ. ಹಂಗ ಬ್ರೈಟ್‌ನೆಸ್ ಕಿಡಕಿಯೊಳಗಿನ ಅಪ್ಲೈ ಬಟನ್ ಮುಟ್ಟಬ್ಯಾಡ್ರಿ, ಸ್ಲೈಡರ್ ಎಳಿಯೋತನಕ ಬರೇ ತೋರಿಕಿ, ಅಪ್ಲೈ ಒತ್ತಿದ್ರ ಪಿಕ್ಸೆಲ್ಲ ಬದ್ಲಾಗಿ ಹೋಗ್ತೈತಿ.

ಫೋಟೋ ತೆಗಿಯೋಕಿಂತ ಮೊದ್ಲ ಲುಕ್‌ಅಪ್ ಟೇಬಲ್‌ನ್ಯಾಗ (ನಂಬರಿಗೆ ಬಣ್ಣ ಹಚ್ಚಿ ತೋರಿಸೋದು) ಹೈಲೋ ಅನ್ನೋದು ಹಾಕಿ ನೋಡ್ರಿ, ಬೆಳಕಿನ ಮಿತಿ ಮುಟ್ಟಿ ತುಂಬಿ ಹೋದ ಪಿಕ್ಸೆಲ್ ಕೆಂಪಗ ಕಾಣ್ತಾವ. ಕೆಂಪು ಕಂಡ್ರ ಎಕ್ಸ್‌ಪೋಶರ್ ಇಳಸ್ರಿ, ತುಂಬಿದ ಪಿಕ್ಸೆಲ್‌ನ್ಯಾಗ ಖರೇ ನಂಬರ್ ಸತ್ತು ಹೋಗಿರ್ತೈತಿ, ಆಮ್ಯಾಲ ಏನ್ ಮಾಡಿದ್ರೂ ಬರಂಗಿಲ್ಲ. ಕಂಟ್ರೋಲ್ ಸ್ಲೈಡ್ ಮತ್ತ ಟ್ರೀಟ್‌ಮೆಂಟ್ ಸ್ಲೈಡ್ ಒಂದ ಎಕ್ಸ್‌ಪೋಶರ್, ಒಂದ ದಿನದ ಸ್ಟೇನ್. ಟಿಶ್ಯೂ ಸ್ಲೈಡ್ ಪೂರ್ತಿ ಸ್ಕ್ಯಾನ್ ಆಗಿದ್ರ ಫಿಜಿ ಜೊತಿ ಗುದ್ದಾಡಬ್ಯಾಡ್ರಿ, ಕ್ಯೂಪಾತ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಐತಿ, ಅದ್ರಾಗ ಮಾಡಿದ್ದೂ ವರ್ಕ್‌ಫ್ಲೋ ಅಂತ ದಾಖಲಾಗಿ ಸ್ಕ್ರಿಪ್ಟ್ ಆಗಿ ಸಿಗ್ತೈತಿ.

ಕಣ್ಣಿನ ಮ್ಯಾಲ ನಂಬಿಕಿ ಎಷ್ಟು

ಥ್ರೆಶೋಲ್ಡ್ ಸ್ಲೈಡರ್ ಎಳದು "ಇಷ್ಟಕ್ಕ ಸರಿ ಕಾಣ್ತೈತಿ" ಅಂತ ಪ್ರತಿ ಚಿತ್ರಕ್ಕೂ ಬ್ಯಾರೆ ನಂಬರ್ ಇಡೋದು ನನಗ ಒಟ್ಟ ಸೇರಂಗಿಲ್ಲ. ಔಷಧ ಹೊಡದ ಪ್ಲಾಟ್ ಯಾವ್ದು ಅಂತ ಗೊತ್ತಿದ್ದಾಗ ಕೈ ತಾನಾ ಆ ಕಡಿ ಜಾರ್ತೈತಿ, ಅದ್ರಾಗ ಮೋಸ ಇರಂಗಿಲ್ಲ, ಮನುಷ್ಯನ ಸ್ವಭಾವ. ಒಟ್ಸು ಅಂತ 1979ರ ಒಂದು ಪದ್ಧತಿ ಐತಿ, ಹಿಸ್ಟೋಗ್ರಾಂ (ಯಾವ ನಂಬರಿನ ಪಿಕ್ಸೆಲ್ ಎಷ್ಟು ಅದಾವ ಅನ್ನೋ ನಕ್ಷೆ) ನೋಡಿ ಎರಡು ಗುಂಪು ಮಾಡೋ ಜಾಗ ತಾನಾ ಹುಡುಕ್ತೈತಿ, ಫಿಜಿಯ ಆಟೋ ಥ್ರೆಶೋಲ್ಡ್‌ನ್ಯಾಗ ಟ್ರೈ ಆಲ್ ಅಂತ ಕೊಟ್ರ ಇಂಥವು ಎಲ್ಲಾ ಒಂದ ಸಲ ಮಾಡಿ ತೋರಿಸ್ತೈತಿ. ಅದ್ರಾಗ ಒಂದನ್ನ ಸ್ವಲ್ಪ ಎಲೆ ಮ್ಯಾಲ ನೋಡಿ ಆರಿಸಿ, ಉಳಿದ ಎಲ್ಲಾದಕ್ಕೂ ಅದನ್ನ ಓಡಸ್ರಿ, ನಡುವ ಬದ್ಲಿ ಮಾಡಬ್ಯಾಡ್ರಿ. ಒಂದು ಮಾತು, ಆಟೋ ಅಂದ ಕೂಡ್ಲೇ ಎಲ್ಲಾ ಸರಿ ಅಲ್ಲ, ಒಂದೂ ಚುಕ್ಕಿ ಇಲ್ಲದ ಎಲೆ ಕೊಟ್ರೂ ಒಟ್ಸು ಎರಡು ಗುಂಪು ಮಾಡೇ ಮಾಡ್ತೈತಿ, ಆರೋಗ್ಯವಾಗಿರೋ ಎಲೆಗೆ ಅರ್ಧ ರೋಗ ಅಂತಂದ್ರೂ ಅಂತೈತಿ. ಅಂಥ ಎಲೆ ನಿಮ್ಮ ಟೆಸ್ಟ್ ಸೆಟ್‌ನ್ಯಾಗ ಇರಬೇಕು, ರೋಗದ ಎಲೆಗಷ್ಟ ನೋಡಿ ಆರಿಸಿದ್ರ ಗೊತ್ತಾಗಂಗಿಲ್ಲ. ಹಂಗ ಆದ್ರ ಫಿಕ್ಸ್ ನಂಬರ್ ಇಡೋದ ವಾಸಿ, ಅದಕ್ಕ ಮೊದ್ಲ ಹೇಳಿದ್ದು ಲೈಟ್ ಫಿಕ್ಸ್ ಇರ್ಲಿ ಅಂತ.

ಕೈಲೆ ಮಾಡೋದು ತಪ್ಪಲಿಲ್ಲಂದ್ರ ಫೈಲ್ ಹೆಸರು ಕಲಸಿ ಬಿಡ್ರಿ, ಗೆಳ್ಯಾರ ಹತ್ರ ಹೆಸರು ಬದ್ಲಿ ಮಾಡಿಸಿ, ಯಾವ್ದು ಯಾವ್ದು ಅನ್ನೋ ಲಿಸ್ಟ್ ಅವ್ರ ಹತ್ರನ ಇರ್ಲಿ, ಎಣಿಸಿ ಮುಗಿದ ಮ್ಯಾಲ ಬಿಚ್ರಿ. ಮತ್ತ ಕೆಲವು ಚಿತ್ರನಾದ್ರೂ ಇಬ್ರು ಬ್ಯಾರೆ ಬ್ಯಾರೆ ಕುಂತು ಎಣಿಸ್ರಿ. ಮನುಷ್ಯರಿಬ್ರ ನಡುವ ಎಷ್ಟು ಫರಕ್ ಐತಿ ಅಂತ ಗೊತ್ತಿಲ್ಲದ ಮ್ಯಾಕ್ರೋಕ್ಕೂ ಮನುಷ್ಯನಿಗೂ ಇರೋ ಫರಕ್ ಜಾಸ್ತಿನೋ ಕಡಿಮಿನೋ ಹೆಂಗ ಹೇಳ್ತೀರಿ.

ಎಐ ಬಂದೈತಲ್ಲ ಅಂದ್ರ

ಬಂದೈತಿ, ಚಲೋನೂ ಐತಿ. ಸ್ಟಾರ್‌ಡಿಸ್ಟ್, ಸೆಲ್‌ಪೋಸ್ ಅನ್ನೋ ಎಐ ಸಾಫ್ಟ್‌ವೇರ್ ಅಂಟ್ಕೊಂಡಿರೋ ಸೆಲ್ ಬಿಡಿಸೋದ್ರಾಗ ಹಳೇ ವಾಟರ್‌ಶೆಡ್‌ಗಿಂತ ಎಷ್ಟೋ ಪಾಲು ಮ್ಯಾಲ. ಆದ್ರ "ಸೆಲ್‌ಪೋಸ್ ಬಳಸಲಾಯಿತು" ಅಂತ ಬರದ್ರ ಮತ್ತ ಅದ ಬಸ್ಸಿನ ಕಥಿ. ಯಾವ ಮಾಡೆಲ್, ಯಾವ ವರ್ಶನ್, ಡಯಾಮೀಟರ್ ಎಷ್ಟು ಕೊಟ್ರಿ, ಫ್ಲೋ ಥ್ರೆಶೋಲ್ಡ್ ಎಷ್ಟು, ಇದು ಬೇಕು. ನೀವಾ ಟ್ರೇನ್ ಮಾಡಿದ್ರ ಆ ವೇಟ್ಸ್ ಫೈಲ್ (ಮಾಡೆಲ್ ಕಲ್ತಿದ್ದು ಇರೋ ಫೈಲ್), ಟ್ರೇನಿಂಗ್ ಚಿತ್ರ, ರ‍್ಯಾಂಡಮ್ ಸೀಡ್ (ಕಲಸೋದು ಎಲ್ಲಿಂದ ಶುರು ಅನ್ನೋ ನಂಬರ್) ಮೂರೂ ಇಟ್ಕೊಳ್ರಿ. ಪೈಥಾನ್ ಆದ್ರ ಲೈಬ್ರರಿಗಳ ವರ್ಶನ್ ಲಿಸ್ಟ್ ಫೈಲ್ ಮಾಡಿಡ್ರಿ, ಇಲ್ಲಂದ್ರ ಮುಂದಿನ ವರ್ಷ ಇನ್‌ಸ್ಟಾಲ್ ಮಾಡಿದ್ರ ಕೋಡ್ ಓಡೋದ ಇಲ್ಲ. ಜಿಪಿಯು ಇರೋ ಕಂಪ್ಯೂಟರ್‌ನ್ಯಾಗ, ಇಲ್ಲದ್ರಾಗ ಕೊನಿ ದಶಾಂಶ ಸ್ವಲ್ಪ ಆಚೀಚೆ ಆಗಬಹುದು, ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ.

ತಲಿ ಕೆಡಿಸ್ಕೊಳ್ಳೋದು ಇದಕ್ಕ: ಒಂದು ಎಲೆ ಫೋಟೋನ ತುಂಡು ತುಂಡು ಮಾಡಿ, ಎಲ್ಲಾ ತುಂಡು ಕಲಸಿ, ಇಷ್ಟು ಟ್ರೇನಿಂಗ್‌ಗೆ ಇಷ್ಟು ಟೆಸ್ಟ್‌ಗೆ ಅಂತ ಹಂಚ್ತಾರ. ಒಂದ ಎಲೆ ಎರಡೂ ಕಡೆ ಹೋದಂಗಾತು, ಮಾಡೆಲ್ ನೋಡಿದ್ದನ್ನ ಮತ್ತ ನೋಡಿ ಪೂರ್ತಿ ಮಾರ್ಕ್ಸ್ ತಗೊಂತೈತಿ, ಆಮ್ಯಾಲ ಸಿಂಧನೂರಿನ ಮಾಡೆಲ್ ಗಂಗಾವತಿ ಹೊಲಕ್ಕ ಹೋದ ಕೂಡ್ಲೇ ಮಕಾಡೆ ಬೀಳ್ತೈತಿ. ತುಂಡಿನ ಲೆಕ್ಕದಾಗ ಬ್ಯಾಡ, ಎಲೆ ಲೆಕ್ಕದಾಗೂ ಬ್ಯಾಡ, ಹೊಲದ ಲೆಕ್ಕದಾಗ ಹಂಚ್ರಿ. ಸ್ಟ್ಯಾಟಿಸ್ಟಿಕ್ಸ್‌ಗೂ ಇದ ಮಾತು, ಒಂದು ಎಲೆಯೊಳಗ ನೂರು ಚುಕ್ಕಿ ಇದ್ರ ಸ್ಯಾಂಪಲ್ ಸೈಜ್ ನೂರಲ್ಲ.

ಪೇಪರ್‌ಗೆ ಹಾಕೋ ಚಿತ್ರ

ಇದನ್ನ ಬ್ಯಾರೆ ಅನ್ಕೊಬ್ಯಾಡ್ರಿ. ಮೈಕ್ರೋಬಯಾಲಜಿಸ್ಟ್ ಎಲಿಸಬೆತ್ ಬಿಕ್ ಮತ್ತ ಅವ್ರ ಜೊತಿಯವ್ರು 20,621 ಪೇಪರ್ ಕೂತು ಕಣ್ಣಿಂದ ನೋಡಿ 2016ರಾಗ ಪ್ರಕಟ ಮಾಡಿದ್ರು, ಅದ್ರಾಗ 3.8 ಪರ್ಸೆಂಟ್ ಪೇಪರಿನ್ಯಾಗ ಒಂದ ಚಿತ್ರ ಎರಡು ಕಡೆ ಬಂದಂಥ ತೊಂದ್ರಿ ಸಿಕ್ತು. ಎಲ್ಲಾರೂ ಕಳ್ರಂತಲ್ಲ, ಎಷ್ಟೋ ಕಡೆ ತಪ್ಪು ಫೈಲ್ ಎಳದು ಹಾಕಿರ್ತಾರ, ಮ್ಯಾಲ ಹೇಳಿದ "ಫೈನಲ್ ಹೊಸದು" ಕಥಿ. ಪ್ರತಿ ಪ್ಯಾನೆಲ್ಲಿಗೆ (ಪೇಪರಿನ ಚಿತ್ರದಾಗಿನ ಒಂದೊಂದು ಭಾಗ) ಯಾವ ಒರಿಜಿನಲ್ ಫೈಲ್, ಯಾವ ಜಾಗ ಕ್ರಾಪ್ ಆತು ಅಂತ ಒಂದು ಎಕ್ಸೆಲ್ ಶೀಟ್ ಇಡ್ರಿ ಸಾಕು. ಕಾಂಟ್ರಾಸ್ಟ್ ಏರಿಸಿದ್ರ ಪೂರ್ತಿ ಚಿತ್ರಕ್ಕ ಏರಸ್ರಿ, ಕಂಟ್ರೋಲ್‌ಗೂ ಟ್ರೀಟ್‌ಮೆಂಟ್‌ಗೂ ಒಂದ ಏರಸ್ರಿ, ಧೂಳು ಕಂಡ್ರ ಒರಸಬ್ಯಾಡ್ರಿ, ಇರ್ಲಿ ಬಿಡ್ರಿ. ಸ್ಕೇಲ್ ಬಾರ್ ಹಾಕ್ರಿ, "400 ಪಟ್ಟು" ಅಂತ ಬರದ್ರ ಪೇಜ್ ಸಣ್ಣ ದೊಡ್ಡ ಆದಂಗ ಅದು ಸುಳ್ಳಾಗ್ತೈತಿ.

ಬರಿಯೋದು ಹೆಂಗ

ಆ ಒಂದ ಸಾಲಿನ ಬದ್ಲಿ ಹಿಂಗ ಬರದ್ರ ನೋಡ್ರಿ: "ಎಲೆಗಳನ್ನು 600 ಡಿಪಿಐನಲ್ಲಿ, ಸ್ವಯಂ ತಿದ್ದುಪಡಿ ಇಲ್ಲದೆ ಸ್ಕ್ಯಾನ್ ಮಾಡಿ ಟಿಫ್ ರೂಪದಲ್ಲಿ ಉಳಿಸಲಾಯಿತು. ಫಿಜಿಯಲ್ಲಿ (ಇಮೇಜ್‌ಜೆ 1.54ಎಫ್) ಚಿತ್ರವನ್ನು ಲ್ಯಾಬ್ ಬಣ್ಣಕ್ಕೆ ಬದಲಿಸಿ, ಎ (ಹಸಿರು-ಕೆಂಪು) ಚಾನೆಲ್‌ಗೆ ಸಿಗ್ಮಾ 2 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು, ಎಲ್ಲಾ ಎಲೆಗೂ ಒಂದೇ ಥ್ರೆಶೋಲ್ಡ್ ಬಳಸಿ, ರಂಧ್ರ ತುಂಬಿ, 0.2 ಚದರ ಮಿಲಿಮೀಟರ್‌ಗಿಂತ ಸಣ್ಣ ಭಾಗಗಳನ್ನು ಕೈಬಿಡಲಾಯಿತು. ಮ್ಯಾಕ್ರೋ ಮತ್ತು ಮೂಲ ಚಿತ್ರಗಳು ಲಗತ್ತಿಸಿದ ಡಿಒಐನಲ್ಲಿವೆ." ನಾಕು ಸಾಲು ಆತು, ಗೈಡ್ ಉದ್ದ ಆತು ಅಂದ್ರ ಸಪ್ಲಿಮೆಂಟ್‌ಗೆ ಹಾಕ್ರಿ. ನಂಬರ್ ನಿಮ್ದು ಬ್ಯಾರೆ ಇರ್ತಾವ, ಇವನ್ನ ಕಾಪಿ ಹೊಡೀಬ್ಯಾಡ್ರಿ ಮತ್ತ.

ಡಿಒಐ ಅಂದ್ರ ಇಂಟರ್‌ನೆಟ್‌ನ್ಯಾಗ ಇಟ್ಟ ಡೇಟಾಕ್ಕ ಸಿಗೋ ಕಾಯಂ ಗುರುತಿನ ನಂಬರ್, ಅದನ್ನ ತಗೊಳ್ಳೋಕ ರೊಕ್ಕ ಬೇಕಿಲ್ಲ. ಜೆನೋಡೊ ಅಂತ ಯುರೋಪಿನ ಅಣು ಸಂಶೋಧನಾ ಸಂಸ್ಥೆ ಸರ್ನ್‌ನವ್ರು ನಡೆಸೋದು 2013ರಿಂದ ಐತಿ, ಒಂದು ರೆಕಾರ್ಡಿಗೆ 50 ಜಿಬಿತನಕ ಪುಕ್ಕಟೆ. ಬರೇ ಬಯಾಲಜಿ ಚಿತ್ರಕ್ಕಂತ ಬಯೋಇಮೇಜ್ ಆರ್ಕೈವ್ ಐತಿ. "ರಿಕ್ವೆಸ್ಟ್ ಮಾಡಿದ್ರ ಡೇಟಾ ಕೊಡಲಾಗುವುದು" ಅಂತ ಬರಿಯೋದು ಬಿಡ್ರಿ, ಹುಡುಗ ಪಾಸಾಗಿ ಬೆಂಗಳೂರಿಗೆ ಹೋದ ಮ್ಯಾಲ ಆ ಇಮೇಲ್ ಯಾರೂ ತೆಗದು ನೋಡಂಗಿಲ್ಲ. ಆಸ್ಪತ್ರಿ ಚಿತ್ರ ಆದ್ರ ಪೇಷಂಟ್ ಹೆಸರು, ನಂಬರ್ ಸ್ಲೈಡ್ ಲೇಬಲ್‌ನ್ಯಾಗೂ ಫೈಲ್ ಒಳಗಿನ ಮಾಹಿತಿಯೊಳಗೂ ಕುಂತಿರ್ತೈತಿ, ಎಥಿಕ್ಸ್ ಕಮಿಟಿ ಏನ್ ಹೇಳ್ತಾರೋ ಕೇಳಿ, ಅದನ್ನ ತೆಗದ ಮ್ಯಾಲನ ಹೊರಗ ಬಿಡ್ರಿ.

ಇಷ್ಟಾದ ಮ್ಯಾಲ ಜೂನಿಯರ್‌ನ ಕರೀರಿ. ಫೋಲ್ಡರ್ ಕೊಟ್ಟು, ಬ್ಯಾರೆ ಕಂಪ್ಯೂಟರ್ ಕೊಟ್ಟು, ನೀವು ಬಾಜೂಕ ಕುಂದ್ರಿ ಆದ್ರ ಬಾಯಿ ಬಿಡಬ್ಯಾಡ್ರಿ, ಅವ ಎಲ್ಲಿ ನಿಂತ್ಕೊಂಡ ಅಂತ ಬರ್ಕೊಂತ ಹೋಗ್ರಿ. ಮ್ಯಾಕ್ರೋ ಆದ್ರ ನಂಬರ್ ಕೊನಿ ಅಂಕಿತನಕ ಅದ ಬರಬೇಕು. ಬರ್ಲಿಲ್ಲಂದ್ರ ಮೊದ್ಲು ಚೆಕ್‌ಸಮ್ ನೋಡ್ರಿ, ಫೈಲ್ ಅದನಾ ಅಂತ. ಆಮ್ಯಾಲ ಇಬ್ರೂ ಒಂದ ಪಿಕ್ಸೆಲ್ ಮ್ಯಾಲ ಮೌಸ್ ಇಟ್ಟು ಓದ್ರಿ, ಅಲ್ಲೇ ಫರಕ್ ಬಂದ್ರ ಕನ್ವರ್ಶನ್ ಟಿಕ್. ಅದು ಸರಿ ಇದ್ರ ಸ್ಕೇಲ್, ಆಮ್ಯಾಲ ಬ್ಲ್ಯಾಕ್ ಬ್ಯಾಕ್‌ಗ್ರೌಂಡ್, ಕೊನಿಗೆ ಹೆಲ್ಪ್ ಮೆನುದಾಗಿನ ವರ್ಶನ್. ಫಿಜಿ ತೆರದಾಗ ಅಪ್‌ಡೇಟ್ ಮಾಡ್ಲಾ ಅಂತ ಕೇಳ್ತೈತಿ, ಡೇಟಾ ತೆಗಿಯೋದು ಅರ್ಧಕ್ಕ ಇದ್ದಾಗ ಬ್ಯಾಡ ಅಂತ ಒತ್ರಿ, ಮತ್ತ ಕೆಲಸ ಮುಗದ ಫಿಜಿ ಫೋಲ್ಡರನ್ನ ಪೂರ್ತಿ ಜಿಪ್ ಮಾಡಿ ಒರಿಜಿನಲ್ ಫೋಟೋ ಜೊತಿಗೆ ಇಟ್ಟುಬಿಡ್ರಿ.